ಮಾನಸಿಕ ಆಸ್ಪತ್ರೆಯಿಂದ ಬಿಡುತ್ತಿಲ್ಲವೇ? ಮೊದಲು ಸೆಕ್ಷನ್ ಕೇಳಿ

ನಿಮ್ಮವರನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದಾರೆ, ಮನೆಗೆ ಹೋಗಬೇಕು ಅಂದರೂ ಬಿಡುತ್ತಿಲ್ಲ. ವಾರ್ಡಿನ ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಡಿ, ಅದರಿಂದ ಏನೂ ಆಗಲ್ಲ. ಯಾವ ಸೆಕ್ಷನ್ ಅಡಿ, ಯಾವ ತಾರೀಖಿನಂದು ಸೇರಿಸಿಕೊಂಡಿರಿ ಅಂತ ಕೇಳಿ, ಬರೆದುಕೊಳ್ಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮುಂದಿನದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಸೆಕ್ಷನ್ 86 ಅಂದರೆ ತಾವೇ ಒಪ್ಪಿ ಸೇರಿದವರು. ಅವರು ಕೇಳಿದರೆ ಬಿಡಬೇಕು. ಮುಂದೆ ಹೇಳುವ ಸೆಕ್ಷನ್ 89ಕ್ಕೆ ಬದಲಾಯಿಸಬೇಕೇ ಎಂದು ನೋಡಲು ವೈದ್ಯರು 24 ಗಂಟೆ ತಡೆಯಬಹುದು, ಅಷ್ಟೇ.

ಸೆಕ್ಷನ್ 89 ಅಂದರೆ ರೋಗಿಯ ಪ್ರತಿನಿಧಿ (ರೋಗಿಯ ಪರವಾಗಿ ನಡೆದುಕೊಳ್ಳಲು ನೇಮಕವಾದವರು) ಅರ್ಜಿ ಕೊಟ್ಟು ಸೇರಿಸಿದ್ದು. ಜಾಸ್ತಿ ಅಂದರೆ 30 ದಿನ. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಇತ್ತೀಚೆಗೆ ತನಗೆ ಹಾನಿ ಮಾಡಿಕೊಳ್ಳಲು ಹೋಗಿದ್ದು ಅಥವಾ ಹಾಗೆ ಬೆದರಿಸಿದ್ದು, ಇನ್ನೊಬ್ಬರ ಮೇಲೆ ಹಿಂಸೆಗೆ ಇಳಿದಿದ್ದು ಅಥವಾ ಅವರಲ್ಲಿ ಹಾನಿಯ ಭಯ ಹುಟ್ಟಿಸಿದ್ದು, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಕ್ಕಿದ್ದು, ಇವುಗಳಲ್ಲಿ ಒಂದಾದರೂ ಇರಲೇಬೇಕು. ಸುಮ್ನೆ "ಕಾಯಿಲೆ ಇದೆ" ಅಂದರೆ ಸಾಲದು. ಬಿಡಿಸಲು ನೀವು ಕೊಡುವ ಅರ್ಜಿಗೆ ಬಲ ಬರುವುದು ಇಲ್ಲೇ, ಹಾಗಾಗಿ ಈ ಮೂರರಲ್ಲಿ ಯಾವುದೂ ಈಗ ಇಲ್ಲ ಅನ್ನುವುದನ್ನು ದಿನ, ಘಟನೆ ಸಮೇತ ಬರೆಯಿರಿ. ಚಿಕಿತ್ಸೆಯ ದಾಖಲೆ ಕೇಳುವ ಹಕ್ಕು ರೋಗಿಗಿದೆ, ಇವತ್ತೇ ಬರವಣಿಗೆಯಲ್ಲಿ ಕೇಳಿ.

ಬಿಡಿಸುವ ಈ ಅರ್ಜಿ ಹೋಗುವುದು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅಂದರೆ ಇದೇ ಕಾಯ್ದೆಯಡಿ ಇಂಥ ಅರ್ಜಿ ವಿಚಾರಿಸುವ ಮಂಡಳಿಗೆ. ರೋಗಿ, ಅವರ ಪ್ರತಿನಿಧಿ, ಅಥವಾ ರೋಗಿ ಒಪ್ಪಿದರೆ ನೋಂದಾಯಿತ ಸಂಸ್ಥೆಯವರು ಕೊಡಬಹುದು. ಶುಲ್ಕ ಇಲ್ಲ. 89ರ ವಿಷಯದಲ್ಲಿ ಮಂಡಳಿ 7 ದಿನದೊಳಗೆ ತೀರ್ಮಾನಿಸಬೇಕು, ಆ ತೀರ್ಮಾನ ಆಸ್ಪತ್ರೆಗೂ ಅನ್ವಯಿಸುತ್ತದೆ. ವಿಚಾರಣೆಗೆ ರೋಗಿ ತಾವೇ ಹೋಗಬಹುದು, ವಕೀಲರನ್ನೂ ಇಟ್ಟುಕೊಳ್ಳಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ, ಸೆಕ್ಷನ್ 27ರಲ್ಲಿ ಉಚಿತ ಕಾನೂನು ನೆರವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

30 ದಿನ ದಾಟಿದರೆ ಅದು ಸೆಕ್ಷನ್ 90. ಆಗ ಮಂಡಳಿಯ ಅನುಮತಿ ಬೇಕೇ ಬೇಕು, ಮೊದಲ ಸಲ ಅದು 90 ದಿನ ಮೀರುವಂತಿಲ್ಲ. ಆ ಆದೇಶದ ಪ್ರತಿ ತೋರಿಸಿ ಅನ್ನಿ.

ಮಂಡಳಿ ನಿಮ್ಮ ವಿರುದ್ಧ ಹೇಳಿದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಯಾವ ಕಾಗದವೂ ಇಲ್ಲದೆ ಕೂಡಿಹಾಕಿದ್ದರೆ ನೇರವಾಗಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಅರ್ಜಿ) ಹಾಕಬಹುದು, ವಕೀಲರ ಜೊತೆ ಅವತ್ತೇ ಮಾತಾಡಿ.

"ಮನೆಯವರು ಕರೆದುಕೊಂಡು ಹೋಗಲು ಬರಲಿಲ್ಲ, ಅದಕ್ಕೇ ಇಲ್ಲೇ ಇದ್ದಾರೆ" ಅನ್ನುವ ಉತ್ತರ ಸಿಕ್ಕರೆ ಒಪ್ಪಬೇಡಿ. ಮನೆಯಿಲ್ಲ, ಮನೆಯವರಿಗೆ ಬೇಡ ಅನ್ನುವ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಅಂತ ಸೆಕ್ಷನ್ 19 ಹೇಳುತ್ತದೆ. ಅರ್ಜಿಯಲ್ಲಿ ಆ ಸೆಕ್ಷನ್ನಿನ ಸಂಖ್ಯೆಯನ್ನೂ ಬರೆಯಿರಿ.