ತೂಕದ ಚೀಟಿಯೊಳಗೇ ಗಾಡಿ ಫೋಟೊ: ಬೇಸ್64 ಕೊನೆಗೂ ಕೈ ಹಿಡಿದ ಬಗೆ

ಕಬ್ಬಿನ ಗಾಡಿ ತೂಗಿದ ಮೇಲೆ ರೈತನಿಗೆ ಕೊಡೋ ಚೀಟಿಗೆ ಸಾಫ್ಟ್‌ವೇರ್ ಬರೆಯೋದು ನನ್ನ ಕಸುಬು. ಗಾಡಿ ಫೋಟೊನ ಬೇಸ್64ನಲ್ಲಿ, ಅಂದ್ರೆ ಕಡತದ ಬೈಟ್‌ಗಳನ್ನ 64 ಬಗೆಯ ಅಕ್ಷರಗಳಲ್ಲಿ ಬರೆಯೋ ರೀತಿಯಲ್ಲಿ, ಅಕ್ಷರ ಮಾಡಿ ಚೀಟಿಯೊಳಗೇ ತುರುಕ್ತೀನಿ ಅಂದಾಗ ಇದೇ ಕಸುಬಿನವರೇ ನಕ್ಕಿದ್ದರು. ‘ಮೂರು ಬೈಟ್‌ಗೆ ನಾಲ್ಕು ಅಕ್ಷರ, ಸುಮ್ನೆ ದಂಡ, ಲಿಂಕ್ ಕೊಟ್ಟು ಬಿಡಪ್ಪ’ ಅಂತ. ಈಗ ಮಂಡ್ಯ, ಪಾಂಡವಪುರದ ಕಡೆ ಗಾಡಿ ತೂಗೋ ನಾಲ್ಕು ವೇಬ್ರಿಡ್ಜ್‌ಗಳಲ್ಲಿ ಎರಡು ಹಂಗಾಮಿನಿಂದ ಅದೇ ಚೀಟಿ ಓಡುತ್ತಿದೆ.

ಲಿಂಕ್ ಕೊಟ್ಟೂ ನೋಡಿದ್ದೆ. ಫೋಟೊಗೆಂದೇ ಬೇರೆ ಹೋಸ್ಟಿಂಗ್ (ಬಾಡಿಗೆ ಸರ್ವರ್ ಜಾಗ), ವರ್ಷಕ್ಕೆ ಹತ್ತಿರ ಹತ್ತಿರ 6,000 ರೂಪಾಯಿ. ಹಣ ಕಟ್ಟೋದು ನಾಲ್ಕು ದಿನ ತಡವಾಯ್ತು ಅಂದ್ರೆ ಹಳೇ ಚೀಟಿಗಳೆಲ್ಲ ಖಾಲಿ ಚೌಕ. ಕಬ್ಬಿನ ಗದ್ದೆ ನಡುವೆ ನೆಟ್‌ವರ್ಕ್ ಇಲ್ಲದಾಗಲೂ ಅದೇ ಪಾಡು. ಚೀಟಿ ಒಂದೇ ಎಚ್‌ಟಿಎಂಎಲ್ (ಬ್ರೌಸರ್ ತೆರೆಯೋ ಪುಟ) ಕಡತವಾಗಿ ವಾಟ್ಸಾಪ್‌ನಲ್ಲಿ ರೈತನ ಫೋನ್‌ಗೆ ಹೋಗಬೇಕು, ಮುಂದಿನ ವರ್ಷ ತೆರೆದರೂ ಟ್ರ್ಯಾಕ್ಟರ್ ಕಾಣಬೇಕು.

ಮೊದಲು ಕುಗ್ಗಿಸಿ, ಆಮೇಲೆ ಅಕ್ಷರ ಮಾಡಿ. ಫೋನಿನ ಫೋಟೊ ಮೂರು-ನಾಲ್ಕು ಎಂಬಿ ಇರುತ್ತೆ. ಬ್ರೌಸರ್‌ನೊಳಗಿನ ಚಿತ್ರದ ಹಲಗೆಯಾದ ಕ್ಯಾನ್ವಾಸ್‌ಗೆ 480 ಪಿಕ್ಸೆಲ್ ಅಗಲದಲ್ಲಿ ಇಳಿಸಿ, ಜೆಪೆಗ್ ಗುಣಮಟ್ಟ 0.5 ಇಟ್ಟರೆ 28-30 ಕೆಬಿ, ಅಕ್ಷರವಾದ ಮೇಲೆ 40ರ ಆಸುಪಾಸು. ಸರ್ವರ್‌ನಲ್ಲಿ ಜಿಜಿಪ್ (ಕಡತ ಕುಗ್ಗಿಸಿ ಕಳಿಸೋ ವಿಧಾನ) ಹಾಕಿದ್ದರೆ ಕಳಿಸುವಾಗ ಅದು ಮತ್ತೆ 30ರ ಹತ್ತಿರಕ್ಕೇ ಬರುತ್ತೆ, 64 ಬಗೆಯ ಅಕ್ಷರಕ್ಕೆ ಎಂಟು ಬಿಟ್ ಬೇಕಿಲ್ಲ, ಆರೇ ಸಾಕು ನೋಡಿ. ದಂಡ ದಂಡ ಅಂದವರು ಇದನ್ನ ಅಳೆದು ನೋಡಿರಲಿಲ್ಲ. ನಂಬರ್ ಪ್ಲೇಟ್ ಚೂಪಾಗಿಟ್ಟುಕೊಂಡು ಉಳಿದ ಭಾಗ ಮಸುಕು ಮಾಡಿದರೆ 18 ಕೆಬಿಗೂ ಇಳಿಯುತ್ತೆ. ಪ್ಲೇಟ್ ಎಲ್ಲಿದೆ ಅಂತ ಕಂಡುಹಿಡಿಯೋ ಉಪಾಯ ಮಾತ್ರ ಇಲ್ಲಿ ಬರೆಯಲ್ಲ.

ನಿಜವಾಗಿ ಕೈ ಸುಟ್ಟದ್ದು ಡೇಟಾಬೇಸ್‌ನಲ್ಲಿ. ಚೀಟಿಗಳನ್ನ ಕೂಡಿಡೋ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೆಕ್ಸ್ಟ್ ಕಾಲಂ ಹಿಡಿಯೋದು 65,535 ಬೈಟ್. ಸ್ಟ್ರಿಕ್ಟ್ ಮೋಡ್ (ತಪ್ಪು ಡೇಟಾ ಬಂದರೆ ಎರರ್ ಕೊಡೋ ವ್ಯವಸ್ಥೆ) ಆರಿಸಿಟ್ಟ ಅಗ್ಗದ ಹೋಸ್ಟಿಂಗ್‌ನಲ್ಲಿ ಅದಕ್ಕಿಂತ ಉದ್ದದ್ದನ್ನ ಸದ್ದಿಲ್ಲದೆ ಕತ್ತರಿಸಿ ಹಾಕುತ್ತೆ. ಆಗ 640 ಅಗಲ ಇಡುತ್ತಿದ್ದೆ, ಒಂದೊಂದು 60 ಕೆಬಿ, ಅಕ್ಷರವಾದರೆ 80. ಫೋಟೊದ ಮೊದಲ 48 ಕೆಬಿ ಆದ ಮೇಲೆ ಉಳಿದದ್ದೆಲ್ಲ ಮಾಯ. ಜೆಪೆಗ್ ಮೇಲಿಂದ ಕೆಳಕ್ಕೆ ಬಿಡಿಸಿಕೊಳ್ಳೋದರಿಂದ ಫೋಟೊದ ಕೆಳಭಾಗ ಬರೀ ಬೂದು, ನಂಬರ್ ಪ್ಲೇಟ್ ಇರೋದೂ ಅಲ್ಲೇ! ಎರರ್ ಯಾಕೆ ಬರಲಿಲ್ಲ ಅನ್ನೋದಕ್ಕೆ ಎರಡು ದಿನ ತಲೆ ಕೆರೆದುಕೊಂಡೆ. ಚಿತ್ರದ ಅಕ್ಷರಗಳನ್ನೇ ಲಿಂಕ್ ಜಾಗದಲ್ಲಿ ಬರೆಯೋ ರೂಪಕ್ಕೆ ಡೇಟಾ ಯುಆರ್‌ಎಲ್ ಅಂತಾರೆ, ಅದರ ತಲೆಬರಹವನ್ನೂ ಸೇರಿಸಿ ಇಟ್ಟಿದ್ದೆ. ಜೆಪೆಗ್‌ಗೆ ಅದು 23 ಅಕ್ಷರ. ಕಳೆದರೆ 65,512, ನಾಲ್ಕರಿಂದ ಸರಿಯಾಗಿ ಭಾಗವಾಗುತ್ತೆ. ಹಾಗಾಗಿ ತುಂಡಾದ ಅಕ್ಷರಸಾಲನ್ನೂ ಡಿಕೋಡರ್ (ಅಕ್ಷರವನ್ನ ಮತ್ತೆ ಬೈಟ್ ಮಾಡೋದು) ತೆಪ್ಪಗೆ ಒಪ್ಪಿಕೊಂಡಿತ್ತು. ಸುಮಾರು 400 ಚೀಟಿ ಹಾಳು. ಆ ತಿಂಗಳ ಬಿಲ್ಲಿನಲ್ಲಿ 9,000 ಬಿಟ್ಟುಕೊಟ್ಟೆ.

ಈಗ ಕಾಲಂ ಇನ್ನೂ ದೊಡ್ಡದಾದ ಮೀಡಿಯಂಟೆಕ್ಸ್ಟ್, ತಲೆಬರಹ ಒಳಗೆ ಇಡೋದೇ ಇಲ್ಲ. ಡಿಕೋಡ್ ಆದ ಮೇಲೆ ಕೊನೆಯ ಎರಡು ಬೈಟ್ 255, 217 ಇದೆಯಾ ನೋಡ್ತೀನಿ. ಜೆಪೆಗ್ ಮುಗಿದ ಗುರುತು ಅದು. ಬರೀ ಉದ್ದ ನೋಡಿ ನಂಬಬೇಡಿ.

ಬೇಸ್64ನ ಅಕ್ಷರಗಳಲ್ಲಿ ಒಂದಾದ ಪ್ಲಸ್ ಚಿಹ್ನೆಯದು ಇನ್ನೊಂದು ಗೋಳು. ಇಂಥ ಚಿಹ್ನೆಗಳನ್ನ ಕಾಪಾಡೋ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಾಕದೆ ಫಾರ್ಮ್ ರೂಪದಲ್ಲಿ ಕಳಿಸಿದರೆ ಸರ್ವರ್‌ನ ಪಿಎಚ್‌ಪಿ ಪ್ರೋಗ್ರಾಂಗೆ ತಲುಪೋ ಹೊತ್ತಿಗೆ ಪ್ಲಸ್ ಎಲ್ಲ ಖಾಲಿ ಜಾಗ ಆಗಿರುತ್ತೆ. ಬೇಸ್64ನಲ್ಲಿ ಖಾಲಿ ಜಾಗ ಅನ್ನೋದೇ ಇಲ್ಲವಾದ್ದರಿಂದ ಅವನ್ನೆಲ್ಲ ಮತ್ತೆ ಪ್ಲಸ್ ಮಾಡಿದರೆ ಫೋಟೊ ಪೂರ್ತಿ ವಾಪಸ್. ಆದರೆ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ಬಂದ ಫೀಲ್ಡನ್ನೆಲ್ಲ ದೊಡ್ಡಕ್ಷರ ಮಾಡುತ್ತಿತ್ತು, ಬೇಸ್64ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ, ಹಾಗಾಗಿ ಅದಕ್ಕೆ ಸಿಕ್ಕ ಫೋಟೊಗೆ ಎಳ್ಳುನೀರೇ. ಲಿನಕ್ಸ್‌ನ ಬೇಸ್64 ಆದೇಶ 76 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತೆ. ಇಮೇಜ್ ಟ್ಯಾಗ್‌ನಲ್ಲಿ ಹೇಗೋ ನಡೆದುಹೋಗುತ್ತೆ, ಪ್ರೋಗ್ರಾಂಗಳು ಡೇಟಾ ಸಾಗಿಸೋ ಜೇಸನ್ ರೂಪದೊಳಗೆ ಇಟ್ಟರೆ ಓದೋಕೇ ಆಗಲ್ಲ. ಸಾಲು ಮುರಿಯದಂತೆ ತಡೆಯೋ ಡಬ್ಲ್ಯೂ ಸೊನ್ನೆ (-w 0) ಆಯ್ಕೆ ಮರೀಬೇಡಿ.

ಫೋಟೊಗಳನ್ನ ಬ್ರೌಸರ್‌ನ ಚಿಕ್ಕ ಉಗ್ರಾಣವಾದ ಲೋಕಲ್‌ಸ್ಟೋರೇಜ್‌ನಲ್ಲಿ ಕೂಡಿಡೋಣ ಅಂತ ಹೋಗಿ ದಿನಕ್ಕೆ 90 ಗಾಡಿ ಬರೋ ಕಡೆ ಎರಡನೇ ದಿನವೇ 5 ಎಂಬಿ ತುಂಬಿಹೋಯ್ತು. ಈಗ ಬ್ರೌಸರ್‌ನದ್ದೇ ದೊಡ್ಡ ಉಗ್ರಾಣವಾದ ಇಂಡೆಕ್ಸ್ಡ್‌ಡಿಬಿಯಲ್ಲಿ ಬ್ಲಾಬ್ ಆಗೇ, ಅಂದ್ರೆ ಅಸಲು ಬೈಟ್ ರೂಪದಲ್ಲೇ ಇರುತ್ತೆ, ಚೀಟಿ ಕಟ್ಟುವಾಗ ಮಾತ್ರ ಅಕ್ಷರ. ಚೀಟಿಯನ್ನ ಇಮೇಲ್ ಮೈಯೊಳಗೇ ಹಾಕಿದರೆ ಜಿಮೇಲ್ ಡೇಟಾ ಯುಆರ್‌ಎಲ್ ಚಿತ್ರ ತೋರಿಸಲ್ಲ. ಅಲ್ಲಿ ಅಟ್ಯಾಚ್‌ಮೆಂಟೇ ಗತಿ.

ಎಲ್ಲ ಕಡೆಗೂ ಇದೇ ಮದ್ದು ಅಂತಲೂ ಅಲ್ಲ. ಮೈಸೂರಿನ ಸೀರೆ ಅಂಗಡಿಯೊಂದು ತನ್ನ ಪುಟದಲ್ಲಿ ನಲವತ್ತು ಸೀರೆ ಚಿತ್ರವನ್ನೂ ಹೀಗೇ ಹಾಕಿಕೊಡಿ ಅಂತು. ಬೇಡ ಅಂದೆ. ಚಿತ್ರ ಬೇರೆಯಾಗಿ ಬ್ರೌಸರ್‌ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹ) ಉಳಿಯಲ್ಲ, ಪುಟ ತೆರೆದಾಗಲೆಲ್ಲ ಅಷ್ಟೂ ಭಾರ ಮತ್ತೆ ಇಳೀಬೇಕು.

ಫೋಟೊನ ಕ್ಯೂಆರ್ ಕೋಡ್‌ನಲ್ಲೇ ಇಟ್ಟರೆ ಹೇಗೆ ಅಂತ ಒಂದು ವಾರ ಅದರ ಹಿಂದೆಯೂ ಬಿದ್ದೆ. ಅತಿ ದೊಡ್ಡ ಕ್ಯೂಆರ್‌ಗೆ 2,953 ಬೈಟ್ ಹಿಡಿಯುತ್ತೆ, ಬೇಸ್64ನಲ್ಲಿ ಇಟ್ಟರೆ ಫೋಟೊದ ಅಸಲು ಬೈಟ್ 2,214. 32 ಬಗೆಯ ಅಕ್ಷರದಲ್ಲೇ ಬರೆಯೋ ಬೇಸ್32 ಹಿಗ್ಗೋದು ಜಾಸ್ತಿ, ಆದರೂ ಬರೀ ದೊಡ್ಡಕ್ಷರ ಮತ್ತು ಅಂಕಿಗೆ ಕ್ಯೂಆರ್ ಕಡಿಮೆ ಜಾಗ ತಗೊಳ್ಳೋದರಿಂದ 4,296 ಅಕ್ಷರ ಕೂರುತ್ತೆ, ಅಸಲು 2,685. ಕೊನೆಯ ಸಮ ಚಿಹ್ನೆಗಳನ್ನ (=) ಕಿತ್ತುಹಾಕಬೇಕು ಅಷ್ಟೆ. ಹೆಬ್ಬೆರಳಷ್ಟು ಕಪ್ಪು-ಬಿಳುಪು ಚಿತ್ರ ಒಳಗೆ ಹೋಯ್ತು. ಆದರೆ 58 ಮಿಲಿಮೀಟರ್ ಥರ್ಮಲ್ ಪ್ರಿಂಟರ್‌ನಲ್ಲಿ ಅಡ್ಡಕ್ಕೆ ಸಿಗೋದೇ 384 ಚುಕ್ಕೆ, ಸಾಲಿಗೆ 177 ಮನೆ (ಪುಟ್ಟ ಚೌಕ) ಇರೋ ಕ್ಯೂಆರ್‌ಗೆ ಮನೆಯೊಂದಕ್ಕೆ ಎರಡು ಚುಕ್ಕೆ. ಕಬ್ಬಿನ ಅಂಟು ಕೈ ತಾಗಿದ ಚೀಟಿಯಲ್ಲಿ ಯಾವ ಫೋನೂ ಅದನ್ನ ಓದಲಿಲ್ಲ. ಈಗ ಕ್ಯೂಆರ್‌ನಲ್ಲಿ ಚೀಟಿ ನಂಬರು, ಗಾಡಿ ನಂಬರು, ನಿವ್ವಳ ತೂಕ ಅಷ್ಟೆ.