ಹುಲ್ಲು ರೋಲ್ ಮಾಡಿಸುವ ಮೊದಲು ನಾನು ನೋಡುವುದು

ನಮ್ಮ ಗದ್ದೆ ಕೊಡಗಿನ ಪೊನ್ನಂಪೇಟೆ ಕಡೆ. ಎರಡೂ ಬದಿಗೆ ಕಾಫಿ ತೋಟ, ನಡುವೆ ತಗ್ಗಿನಲ್ಲಿ ಬತ್ತ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಕೊಯ್ಲು. ಅದೇ ಹೊತ್ತಿಗೆ ಕಾಫಿ ಹಣ್ಣಾಗಿರುತ್ತದೆ, ಗದ್ದೆಗೆ ಆಳು ಸಿಗುವುದಿಲ್ಲ. ಹಾಗಾಗಿ ಕೊಯ್ಲಿಗೂ ಮೆಷಿನ್, ಹುಲ್ಲಿಗೂ ಬೇಲರ್, ಅಂದರೆ ಹುಲ್ಲನ್ನು ರೋಲ್ ಸುತ್ತುವ ಮೆಷಿನ್. ಬಣವೆಯಲ್ಲಾದರೆ ಹುಲ್ಲಿಗೆ ಸ್ವಲ್ಪ ಗಾಳಿ ಆಡುತ್ತಿತ್ತು. ರೋಲ್ ಬಿಗಿಯಾಗಿರುತ್ತದೆ, ಒಳಗೆ ಸಿಕ್ಕಿಕೊಂಡ ತೇವ ಅಲ್ಲೇ ಉಳಿಯುತ್ತದೆ.

ಕೊಯ್ದಾಗ ಹುಲ್ಲಿನ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಅದು ಶೇ. 15ರ ಹತ್ತಿರ ಇಳಿದರೆ ಧೈರ್ಯವಾಗಿ ಸುತ್ತಿಸಬಹುದು. ಶೇ. 20 ದಾಟಿದ್ದರೆ ಬೂಷ್ಟು ಬರುತ್ತದೆ.

ನಮ್ಮಲ್ಲಿ ತೊಂದರೆ ಕೊಡುವುದು ಇಬ್ಬನಿ. ಡಿಸೆಂಬರ್, ಜನವರಿಯಲ್ಲಿ ಮಂಜು ಬಿಡುವುದೇ ತಡ. ತೋಟದ ಮರದ ನೆರಳಿನ ಅಂಚಿಗೆ ಬಿಸಿಲು ಇನ್ನೂ ತಡವಾಗಿ ಬೀಳುತ್ತದೆ. ಮೇಲಿನ ಹುಲ್ಲು ಗರಿಗರಿಯಾಗಿದ್ದರೂ ಅಡಿಯ ಹುಲ್ಲು ಮಣ್ಣಿನ ತಂಪು ಹೀರಿಕೊಂಡಿರುತ್ತದೆ. ಅದಕ್ಕೇ ಮಗುಚಿ ಹಾಕಲೇಬೇಕು. ನೆರಳಿನ ಅಂಚಿನದನ್ನು ನಾನು ಗದ್ದೆಯ ನಡುವೆ ಎಳೆಸುತ್ತೇನೆ.

ಪರೀಕ್ಷೆಗೆ ಅಡಿಯ ಹುಲ್ಲನ್ನೇ ತೆಗೆದುಕೊಳ್ಳಿ, ಮೇಲಿನದಲ್ಲ. ಒಂದು ಹಿಡಿ ಹಿಂಡಿ ತಿರುಚಿದರೆ ಪಟಪಟ ಮುರಿಯಬೇಕು. ಹಗ್ಗದ ಹಾಗೆ ಬಳುಕಿದರೆ ಇನ್ನೂ ಹಸಿ. ಆಮೇಲೆ ಕಡ್ಡಿಯ ಗಿಣ್ಣನ್ನು ಉಗುರಿನಿಂದ ಕೆರೆದು ನೋಡಿ. ಎಲೆ ಬೇಗ ಒಣಗುತ್ತದೆ, ಗಿಣ್ಣು ಕೊನೆಗೆ. ಅನುಮಾನ ಉಳಿದರೆ ಒಣ ಬಾಟಲಿಗೆ ಕತ್ತರಿಸಿದ ಹುಲ್ಲು, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಚೆನ್ನಾಗಿ ಕುಲುಕುತ್ತೇನೆ. ಉಪ್ಪು ಉದುರುದುರಾಗಿದ್ದರೆ ಸರಿ. ಗಂಟಾದರೆ, ಗಾಜಿಗೆ ಅಂಟಿದರೆ ಇನ್ನೊಂದು ಬಿಸಿಲು ಬೇಕು.

ಬೇಲರ್ ಡ್ರೈವರ್‌ಗೆ ಮುಂದಿನ ಗದ್ದೆಯ ಅವಸರ ಇದ್ದೇ ಇರುತ್ತದೆ. ಬೆಳಿಗ್ಗೆಯೇ ಶುರು ಮಾಡೋಣ ಅಂತಾರೆ. ನಾನು ಒಪ್ಪುವುದಿಲ್ಲ. "ಊಟ ಮಾಡಿ ಅಣ್ಣ, ಆಮೇಲೆ ಸುತ್ತೋಣ" ಅನ್ನುತ್ತೇನೆ. ಮಧ್ಯಾಹ್ನದಿಂದ ಬಿಸಿಲು ಇಳಿಯುವವರೆಗೆ ಮಾತ್ರ ಕೆಲಸ. ಸಂಜೆ ತಂಪು ಹತ್ತಿದ ಕೂಡಲೇ ನಿಲ್ಲಿಸುವುದು. ರಾತ್ರಿ ರೋಲ್‌ಗಳನ್ನು ಗದ್ದೆಯಲ್ಲಿ ಬಿಡುವುದೂ ಇಲ್ಲ.

ಶೆಡ್‌ನಲ್ಲಿ ಅಡಿಗೆ ಮರದ ತುಂಡು ಹಾಸಿ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸುತ್ತೇನೆ. ಮೊದಲ ಎರಡು ಮೂರು ವಾರ ನಿಗಾ ಬೇಕು. ಹಸಿ ಇದ್ದರೆ ಸೂಕ್ಷ್ಮಜೀವಿಗಳು ಬೆಳೆದು ರೋಲ್ ಒಳಗೆ ಬಿಸಿಯೇರುತ್ತದೆ. ಕಬ್ಬಿಣದ ಸರಳು ಚುಚ್ಚಿಟ್ಟು ಸ್ವಲ್ಪ ಹೊತ್ತಿನ ನಂತರ ಎಳೆದು ಮುಟ್ಟುತ್ತೇನೆ. ಬೆಚ್ಚಗಿದ್ದರೆ ಆ ರೋಲ್ ಹೊರಗೆ ಬಿಚ್ಚಿ ಒಣಗಿಸುವುದು. ಕೈ ಸುಡುವಷ್ಟಾದರೆ ಬೆಂಕಿಯ ಅಪಾಯವಿದೆ, ನೀರು ಸಿದ್ಧ ಇಟ್ಟುಕೊಂಡೇ ಕದಲಿಸಬೇಕು.

ಮಳೆಗಾಲದಲ್ಲಿ ಬಿಚ್ಚಿದಾಗ ಮುಗ್ಗಲು ವಾಸನೆ, ಬಿಳಿ ಧೂಳು ಕಂಡರೆ ಆ ಭಾಗವನ್ನು ಹಸುವಿಗೆ ಹಾಕಲೇಬೇಡಿ. ಬೂಷ್ಟು ಹಿಡಿದ ಬತ್ತದ ಹುಲ್ಲಿನಿಂದ ಡೆಗ್ನಾಲ ರೋಗ ಬರುತ್ತದೆ, ಎಮ್ಮೆಗಳಿಗೆ ಜಾಸ್ತಿ. ಬಾಲದ ತುದಿ, ಕಿವಿ, ಕಾಲು ಕೊಳೆಯತೊಡಗುತ್ತದೆ. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್‌ನಂಥ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲನ್ನು ಮಕ್ಕಳೂ ಕುಡಿಯುತ್ತಾರೆ ಅಲ್ವಾ? ಅಂಥ ಹುಲ್ಲನ್ನು ನಾನು ಗೊಬ್ಬರದ ಗುಂಡಿಗೆ ಹಾಕುತ್ತೇನೆ.