ಬಾವಲಿಯ ಪಾಲು, ಕೊಳೆಯ ಪಾಲು

ಅಡಿಕೆಗೆ ಬಾವಲಿ ಹೆಚ್ಚು ಕೆಡುಕೋ, ಕೊಳೆರೋಗವೋ ಎಂಬ ಚರ್ಚೆ ನಮ್ಮ ಶಿರಸಿ ಕಡೆ ಮುಗಿಯುವಂಥದ್ದಲ್ಲ. ನಾನು ಮಾತು ಬಿಟ್ಟು, ಒಂದು ವರ್ಷ ಉದುರಿದ ಅಡಿಕೆಯನ್ನೇ ಬೇರೆ ಬೇರೆ ಬುಟ್ಟಿಗೆ ಹಾಕಿ ನೋಡಿದೆ.

ಕೊಳೆ ಬರುವುದು ಮಳೆಗಾಲದಲ್ಲಿ, ಎಳೆಗಾಯಿಗೆ. ತೊಟ್ಟಿನ ಬಳಿ ನೀರು ಹೀರಿದಂಥ ಕಡುಹಸಿರು ಮಚ್ಚೆ ಮೂಡುತ್ತದೆ, ಕಾಯಿಯ ಹೊಳಪು ಹೋಗುತ್ತದೆ, ಉದುರಿದ್ದರ ಮೈಮೇಲೆ ಬಿಳಿ ಬೂಸ್ಟು ಕಟ್ಟುತ್ತದೆ. ಕೊಯ್ದರೆ ಒಳಗೆ ಕಂದು ಮೆತ್ತೆ. ಇದಕ್ಕೆ ಕಾರಣವಾದ ಫೈಟಾಫ್ತೊರಾವನ್ನು ನಾವು ಶಿಲೀಂಧ್ರವೆಂದೇ ಕರೆಯುತ್ತೇವೆ; ವಿಜ್ಞಾನಿಗಳು ಈಗ ಅದನ್ನು ಆ ಗುಂಪಿನಿಂದ ಹೊರಗಿಟ್ಟಿದ್ದಾರೆ. ಅದರ ಬೀಜಾಣು ನೀರಿನಲ್ಲಿ ಈಜಬಲ್ಲದು. ಮಳೆ ಬಿಡುವು ಕೊಡದಿದ್ದರೆ ಒಂದು ಕೊನೆಯಿಂದ (ಅಡಿಕೆ ಗೊಂಚಲಿನಿಂದ) ಇನ್ನೊಂದು ಕೊನೆಗೆ ಹಬ್ಬುತ್ತದೆ.

ಬಾವಲಿಗೆ ಎಳೆಗಾಯಿ ಬೇಡ, ಹಣ್ಣಡಿಕೆಯೇ ಆಗಬೇಕು. ಗಿಡ್ಡಮೂತಿಯ ಹಣ್ಣುಬಾವಲಿ ರಾತ್ರಿ ಹಣ್ಣನ್ನು ಕಚ್ಚಿಕೊಂಡು ತನಗೊಗ್ಗಿದ ಮರಕ್ಕೆ ಹಾರಿ, ಸಿಪ್ಪೆಯ ರಸ ಹೀರಿ ಉಳಿದದ್ದನ್ನು ಕೆಡವುತ್ತದೆ. ನಮ್ಮಲ್ಲಿ ಆ ಮರ ತೋಟದಂಚಿನ ಮಾವು. ಅದರಡಿ ಆಯ್ದ ಅಡಿಕೆಯ ಸಿಪ್ಪೆ ನಾರುನಾರಾಗಿತ್ತು, ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಒಳಗಿನ ತಿರುಳು ಮಾತ್ರ ಗಟ್ಟಿ, ಬಿಳಿ ಗೆರೆಗಳೂ ಸ್ವಚ್ಛ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಕೂಲಿಯಿಲ್ಲದೆ ಕೆಳಗಿಳಿದ ಮಾಲು! ಪೊದೆಯಲ್ಲೋ ಪಕ್ಕದವರ ತೋಟದಲ್ಲೋ ಬಿದ್ದದ್ದು ನಷ್ಟವೇ, ಆದರೆ ಕೊಳೆಯ ಬುಟ್ಟಿಯ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ.

ಹಾಗಾಗಿ ಬಾವಲಿ ತಡೆಯುವ ಬಲೆಗೆಂದು ಇಟ್ಟ ಹಣ ಕೊಳೆಗೆ ಹೊಡೆಯುವ ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) ಹೋಯಿತು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಗಳಿಗೂ ಹಿಂದೆ ಕೊಳೆಗೆ ಹೇಳಿದ ಬೋರ್ಡೋ ದ್ರಾವಣವೇ ಇಂದಿಗೂ ನನ್ನ ಆಯ್ಕೆ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್‌ಗೆ. ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಸುಣ್ಣದ ನೀರನ್ನು ಕಲಕುತ್ತ ಅದಕ್ಕೆ ತುತ್ತದ ನೀರು ಸುರಿಯುತ್ತೇನೆ. ಉಜ್ಜಿ ಹೊಳಪೇರಿಸಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ತಾಮ್ರ ಹೆಚ್ಚಿದೆಯೆಂದು ಅರ್ಥ. ಇನ್ನಷ್ಟು ಸುಣ್ಣ ಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು 40–45 ದಿನಗಳಿಗೆ, ಮಳೆ ಬಿಟ್ಟು ಹೊಳವಾದ ದಿನ ನೋಡಿ.

ಮಾವಿನಡಿಯ ಅಡಿಕೆಯನ್ನು ಈಗಲೂ ಬೆಳಿಗ್ಗೆ ಆಯುತ್ತೇವೆ, ಆದರೆ ಕೈಗವಸು ಹಾಕಿಕೊಂಡು. ಕೇರಳದಲ್ಲಿ 2018ರಲ್ಲಿ ಬಾವಲಿಯಿಂದ ಹರಡುವ ನಿಪಾ ವೈರಸ್ ಕಾಣಿಸಿಕೊಂಡಂದಿನಿಂದ ಬಾವಲಿಯ ಎಂಜಲನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಮನೆಯವರಿಗೂ ಆಳುಗಳಿಗೂ ಹೇಳಿದ್ದೇನೆ. ಆ ಅಡಿಕೆಯನ್ನು ಚಾಲಿಗೆ (ಸಿಪ್ಪೆಸಹಿತ ಬಿಸಿಲಲ್ಲಿ ಒಣಗಿಸಿ ಸುಲಿಯುವ ಅಡಿಕೆಗೆ) ಬೇರೆಯೇ ಹರವುತ್ತೇವೆ.